ಗಿಟಾರಿನ ಕಾಯಿಲ್ ಕಟ್ಟಿದ್ದು

ಆಗ ನನಗೆ ಅರವತ್ತೇಳು. ಈ ಮಾತಿಗೆ ಈಗ ನಾಲ್ಕು ವರ್ಷ.

ಕಮಲಾಪುರದ ಬಸ್ ನಿಲ್ದಾಣದ ಹಿಂದೆ ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ಹೊಟ್ಟೆಯೊಳಗಿನ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ, ಮತ್ತೆ ತಿರುಗುವ ಹಾಗೆ ಮಾಡಿ ಕೊಡುವುದು ಕೆಲಸ. ಕೆಂಪು ಬಾಳೆ ತೋಟದವರ ಪಂಪು, ಹಿಟ್ಟಿನ ಗಿರಣಿಯ ಮೋಟಾರು, ಮದುವೆ ಮಂಟಪದ ಫ್ಯಾನು, ಎಲ್ಲ ನಮ್ಮ ಕಟ್ಟೆಗೆ ಬರುತ್ತವೆ. ಗಿಟಾರು ಬಂದದ್ದು ಅದೊಂದೇ ಸಲ.

ತಂದವರು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮಕ್ಕಳಿಗೆ ಗಿಟಾರ್ ಕಲಿಸುವ ಮಾಸ್ತರು. ಐವತ್ತು ದಾಟಿದ ಮನುಷ್ಯ. ಮುಂದೆ ಬೋಳು, ಹಿಂದೆ ಮಾತ್ರ ಉದ್ದ ಕೂದಲು ಬಿಟ್ಟು ರಬ್ಬರ್ ಹಾಕಿದ್ದರು. ಕರಿ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಚೀಲದಿಂದ ಗಿಟಾರು ತೆಗೆದು ನನ್ನ ಮೇಜಿನ ಗ್ರೀಸು ನೋಡಿದರು, ತಮ್ಮ ಕರವಸ್ತ್ರ ಹಾಸಿ ಅದರ ಮೇಲೆ ಮಲಗಿಸಿದರು.

"ಅವ್ವಾರ, ಕಾಯಿಲ್ ಕಟ್ಟೋರು ನೀವೇ ಅಲ್ರೀ?"

"ಮೋಟಾರ್ ಎಲ್ಲದ?"

"ಮೋಟಾರಲ್ರೀ, ಇದ್ರಾಗಿನ ಕಾಯಿಲ್. ನಂದೂರಿನಾಗ ರಿಲೇ ಮಾಡೋ ಕಾರ್ಖಾನೆಗೆ ಹೋಗಿದ್ದೆ. ನಮ್ಮ ಮಶೀನಿಗೆ ಇದು ಹೊಂದೂದಿಲ್ಲ, ಕಮಲಾಪುರದಾಗ ಒಬ್ಬಾಕಿ ಮುದುಕಿ…" ಅಂದವರು ನಾಲಿಗೆ ಕಚ್ಚಿಕೊಂಡರು. "ಒಬ್ರು ಹಿರೇರು ಅದಾರ, ಅವರ ಹತ್ರ ಹೋಗ್ರಿ ಅಂದ್ರು."

"ಸುಳ್ಳ ಹೇಳಾಕ ಬರೂದಿಲ್ಲ ನಿಮಗ. ಮುದುಕಿ ಅಂತನೇ ಅಂದಾರ. ತೋರಸ್ರಿ."

ತಿರುಪು ಬಿಚ್ಚಿ ಗಿಟಾರಿನ ಮುಖವಾಡ ಎತ್ತಿದರು. ತಂತಿಗಳ ಕೆಳಗೆ ಹೆಬ್ಬೆರಳಿನಷ್ಟು ಉದ್ದದ ಮೂರು ಡಬ್ಬಿಗಳಿದ್ದವು. ಅವಕ್ಕೆ ಪಿಕಪ್ ಅನ್ನುತ್ತಾರಂತೆ. ಒಂದೊಂದರಲ್ಲಿ ಆರು ಸಣ್ಣ ಅಯಸ್ಕಾಂತದ ಗೂಟ, ಅವುಗಳ ಸುತ್ತ ಕೂದಲಿಗಿಂತ ತೆಳು ತಂತಿಯ ಸಾವಿರಾರು ಸುತ್ತು. ಮೇಲಿನ ತಂತಿ ಮೀಟಿದರೆ ಕೆಳಗಿನ ಕಾಯಿಲಿನಲ್ಲಿ ಕರೆಂಟು ಹುಟ್ಟುತ್ತದೆ. ಮಾಸ್ತರು ಹೇಳಿ ಮುಗಿಸುವ ಮೊದಲೇ ನನಗೆ ತಿಳಿಯಿತು. ನಮ್ಮ ಮೋಟಾರಿಗೆ ಕರೆಂಟು ಕೊಟ್ಟರೆ ಅಲುಗಾಡುತ್ತದೆ, ಇದು ಅಲುಗಾಡಿದರೆ ಕರೆಂಟು ಕೊಡುತ್ತದೆ. ಅದೇ ಗಾಡಿ, ಎತ್ತು ಹಿಂದಿನಿಂದ ಕಟ್ಟಿದ್ದು.

ಕುತ್ತಿಗೆ ಹತ್ತಿರದ ಪಿಕಪ್ ಸತ್ತಿತ್ತು. ವರ್ಷಾನುಗಟ್ಟಲೆ ಬೆವರು ಇಳಿದು ಒಳಗೆ ತಾಮ್ರ ಹಸಿರುಗಟ್ಟಿತ್ತು.

"ಹೊಸಾದು ಸಿಗೂದಿಲ್ಲೇನು?" ನಮ್ಮ ಯಜಮಾನರು ಮೂಲೆಯ ಹೊರಸಿನಿಂದ ಕೇಳಿದರು.

"ಸಿಗ್ತದ್ರೀ ಕಾಕಾ. ತರಿಸಿ ಹಾಕಿಸ್ದೆ. ರೆಕಾರ್ಡಿಂಗ್ ಮಾಡೋನು ಕೇಳಿ, ಇದೇನು ಬ್ಯಾರೆ ಮನುಷ್ಯಾ ಬಂದು ಬಾರಿಸಿದಂಗ ಅದ ಅಂದ."

ಅವರದು ನಾಲ್ಕು ಜನರ ತಂಡ. ಒಬ್ಬರು ಬ್ಯಾಂಕಿನವರು, ಡ್ರಮ್ ಬಾರಿಸುತ್ತಿದ್ದರು. ಎಲ್ಲರೂ ಹಗಲು ನೌಕರಿ ಮಾಡಿ, ರವಿವಾರ ಕೂಡಿ, ತಾವೇ ಕಟ್ಟಿದ ಕನ್ನಡದ ರಾಕ್ ಹಾಡು ಬಾರಿಸುವವರು. ಇಷ್ಟು ವರ್ಷ ಬಾರಿಸಿದ್ದಕ್ಕೆ ಒಂದು ಗುರುತು ಇರಲಿ ಎಂದು ಎಂಟು ಹಾಡಿನ ಆಲ್ಬಮ್ ಮಾಡಲು ಹೊರಟಿದ್ದರು. ಐದು ಮುಗಿದಿದ್ದವು. ಮೂರು ಉಳಿದಾಗ ಪಿಕಪ್ ಸತ್ತಿತು. ಅಷ್ಟರಲ್ಲಿ ಬ್ಯಾಂಕಿನವರಿಗೆ ಅಸ್ಸಾಮಿಗೆ ವರ್ಗವಾಯಿತು. ತಿಂಗಳ ಕೊನೆಗೆ ಅವರು ಹೊರಡಬೇಕು. ಅಷ್ಟರೊಳಗೆ ಆ ಹಳೆಯ ದನಿ ಮರಳಿ ಬಂದರೆ ಹಾಡು ಪೂರ್ತಿ, ಇಲ್ಲದಿದ್ದರೆ ಆ ಐದು ಹಾಡು ಹಾಗೇ ಬಿದ್ದಿರಬೇಕು.

"ಈ ತಂತಿ ಸುತ್ತೋ ಅಚ್ಚು ಮತ್ತೊಂದಿಲ್ರೀ," ಅಂದರು ಮಾಸ್ತರು. "ಕೆಟ್ರ ಕೆಟ್ಟೇ ಹೋಯ್ತು."

"ಹಂಗಂತ ಕೈ ಮುಗದು ನಿಂತ್ರ ಸರಿ ಆಗ್ತದೇನು? ಕೂಡ್ರಿ," ಅಂದೆ.

ಯಜಮಾನರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಕಸುಬು ನನಗೆ ಕಲಿಸಿದವರು ಅವರೇ. ಮದುವೆಯಾಗಿ ಬಂದಾಗಿನಿಂದ ಅವರು ಸುತ್ತುವ ಯಂತ್ರದ ಹಿಡಿಕೆ ತಿರುಗಿಸುವವರು, ನಾನು ತಂತಿ ಹಿಡಿಯುವವಳು. ತಂತಿ ತಂತಿಯನ್ನು ದಾಟಬಾರದು, ಒಂದರ ಪಕ್ಕ ಒಂದು ಮಲಗಬೇಕು, ಅದೇ ಅವರ ಪಾಠ. ಒಂದು ಸುತ್ತು ಅಡ್ಡ ಬಿದ್ದರೆ ಪೂರ್ತಿ ಬಿಚ್ಚಿಸುತ್ತಿದ್ದರು. ಆಮೇಲೆ ಅವರ ಬಲಗೈಗೆ ನಡುಕ ಬಂತು. ಗುಳಿಗೆ ನುಂಗಿದರೂ ನಿಲ್ಲಲಿಲ್ಲ. ಹಿಡಿಕೆ ಬಿಟ್ಟರು, ಬೆಸುಗೆ ಬಿಟ್ಟರು, ಚಹಾ ಅರ್ಧ ಕಪ್ಪು ಹಾಕಿಸಿಕೊಳ್ಳತೊಡಗಿದರು. ನಾನು ಹೊಲಿಗೆ ಯಂತ್ರದ ಮೋಟಾರು ತಂದು ಹಿಡಿಕೆಯ ಜಾಗಕ್ಕೆ ಬೆಲ್ಟ್ ಹಾಕಿದೆ. ಕಾಲಿನಿಂದ ಒತ್ತಿದರೆ ತಿರುಗುತ್ತದೆ. ಆವತ್ತಿನಿಂದ ಅವರು ಹೊರಸಿನ ಮೇಲೆ ಕೂತು ಫೋನ್ ಎತ್ತುವುದು, ನನಗೆ ಬೈಯುವುದು, ಇಷ್ಟೇ.

ಮೊದಲ ಕೆಲಸ ಹಳೆಯ ಕಾಯಿಲ್ ಬಿಚ್ಚುವುದು. ಯಾವ ಕಡೆಗೆ ಸುತ್ತಿದ್ದಾರೆ ಎಂದು ನೋಡಿ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬಾಣ ಬರೆದುಕೊಂಡೆ. ದಿಕ್ಕು ತಪ್ಪಿದರೆ ಪಕ್ಕದ ಪಿಕಪ್ಪಿನ ಜೊತೆ ಜಗಳ ಹಚ್ಚುತ್ತದೆ ಎಂದು ಮಾಸ್ತರು ಹೇಳಿದ್ದರು. ಬಿಚ್ಚುತ್ತ ಹೋದಂತೆ ನನಗೆ ಸಿಟ್ಟು ಬಂತು. ತಂತಿ ಅತ್ತ ಇತ್ತ ಓಡಿತ್ತು, ಒಂದರ ಮೇಲೊಂದು ಅಡ್ಡಾದಿಡ್ಡಿ ಹಾದಿತ್ತು.

"ಯಾವ ಕುಡುಕ ಸುತ್ಯಾನ ಇದನ್ನ?" ಅಂದೆ.

"ನಾಲಾಯಕ್," ಅಂದರು ಯಜಮಾನರು ಹೊರಸಿನಿಂದಲೇ.

ನಮ್ಮಲ್ಲಿ ಸುತ್ತು ಎಣಿಸುವುದು ಕಡಿಮೆ, ಹಳೆಯ ತಂತಿ ತೂಗಿ ಅಷ್ಟೇ ತೂಕದ ಹೊಸದು ಹಾಕುವುದು ರೂಢಿ. ಇದನ್ನು ನನ್ನ ತಕ್ಕಡಿಗೆ ಇಟ್ಟರೆ ಮುಳ್ಳು ಮಿಸುಕಲಿಲ್ಲ. ಬಜಾರಿನ ಅಕ್ಕಸಾಲಿಗನ ಹತ್ತಿರ ಒಯ್ದೆ. "ಏನವ್ವಾ, ಒತ್ತಿ ಇಡ್ತೀಯೇನ ಇದನ್ನ?" ಎಂದು ನಕ್ಕ. ಆದರೂ ತೂಗಿ ಕೊಟ್ಟ.

ಮಾಸ್ತರು ಒಂದು ಚಿಕ್ಕ ಆಂಪ್ಲಿಫಯರ್ ತಂದು ನಮ್ಮಲ್ಲೇ ಇಟ್ಟಿದ್ದರು. ಸಂಜೆ ಟ್ಯೂಷನ್ ಮುಗಿಸಿ ಬಸ್ಸು ಹತ್ತಿ ಬರುವರು. ಕೈಗೆ ಕೆಲಸವಿಲ್ಲದ ಮನುಷ್ಯ ಬಾಯಿಗೆ ಕೆಲಸ ಕೊಟ್ಟರು. ಅವರ ತಂದೆ ಗುಡಿಯಲ್ಲಿ ಕೀರ್ತನೆ ಮಾಡುವವರಂತೆ, ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡವಂತೆ. ಮಗನಿಗೆ ಹಾರ್ಮೋನಿಯಂ ಕಲಿಸಿದ್ದರು. ಈ ಮಗ ಗೆಳೆಯನ ಹಾಸ್ಟೆಲ್ ಖೋಲಿಯಲ್ಲಿ ಯಾವುದೋ ವಿದೇಶದವರ ಕ್ಯಾಸೆಟ್ ಕೇಳಿ, ಹಾರ್ಮೋನಿಯಂ ಮುಚ್ಚಿಟ್ಟು, ಬಾಡಿಗೆ ಗಿಟಾರು ಹಿಡಿದ. ಮದುವೆ ಆರ್ಕೆಸ್ಟ್ರಾದಲ್ಲಿ ಬಾರಿಸಿದ. ಆರ್ಕೆಸ್ಟ್ರಾ ಮುಚ್ಚುವಾಗ ಅವರಿಂದಲೇ ಈ ಗಿಟಾರು ಕೊಂಡ.

"ತಂತಿ ಹಿಂಗ ಮ್ಯಾಲ ಎಳೀತೀನಲ್ರೀ," ಎಂದು ಎಳೆದು ತೋರಿಸಿದರು, "ಇದು ಕ್ಯಾಸೆಟ್ ಕೇಳಿ ಕಲ್ತಿದ್ದಲ್ಲ. ಉರುಸಿನಾಗ ಖವ್ವಾಲಿ ಹಾಡೋರು ಒಂದು ಸ್ವರದ ಮ್ಯಾಲ ಏರಿ ಅಲ್ಲೇ ನಡಗ್ತಾ ನಿಲ್ತಾರಲ್ರೀ, ಅವರ ಕಡಿಂದ ಬಂದದ್ದು."

"ತಂದಿ ಏನಂದ್ರು?"

"ದೇವರಿಗೆ ಕಿವಿ ಅದಾವ, ಜರಾ ಸಣ್ಣಗ ಬಾರಿಸು ಅಂದ್ರು."

ಅವರ ಹತ್ತಿರ ಕಾಲಿನಿಂದ ಒತ್ತುವ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅದನ್ನು ಒತ್ತಿದರೆ ಗಿಟಾರಿನ ದನಿ ಬಟ್ಟೆ ಹರಿದ ಹಾಗೆ ಚರ್ರೆಂದು ಹರಿಯುತ್ತಿತ್ತು.

"ಸ್ಪೀಕರ್ ಹರದ್ರ ನಾವು ಒಗೀತೀವಿ," ಅಂದೆ. "ನೀವು ರೊಕ್ಕ ಕೊಟ್ಟು ಹರಸ್ತೀರಿ?"

"ಬರಾಬರ್ ಹರೀಬೇಕ್ರೀ ಅವ್ವಾರ. ಅದಕ್ಕ ರೊಕ್ಕ," ಅಂದರು. ಆ ಮಾತನ್ನು ನಾನು ಆಗ ನಗುವಿಗೆ ಬಿಟ್ಟೆ.

ನಂದೂರಿನವರು ಅರ್ಧ ರೀಲು ತೆಳು ತಂತಿ ಕೊಟ್ಟು ಕಳಿಸಿದ್ದರು. ಮೊದಲು ಮೋಟಾರಿನ ತಂತಿ ಎಳೆಯುವ ಬಿಗಿಯಲ್ಲೇ ಎಳೆದೆ. ಪಟ್ಟನೆ ಹರಿಯಿತು. ಬಿಗಿ ಸಡಿಲಿಸಿದೆ, ಮತ್ತೆ ಹರಿಯಿತು. ಕಣ್ಣಿಗೆ ಕಾಣದ ತಂತಿ ಹರಿದದ್ದೂ ಕಾಣುವುದಿಲ್ಲ. ಬೆರಳಿಗೆ ಏನೂ ತಾಗುತ್ತಿಲ್ಲ ಅನ್ನಿಸಿದಾಗಲೇ ಗೊತ್ತಾಗುವುದು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿ, ಫ್ಯಾನು ಆರಿಸಿ, ಸೆರಗು ಬಾಯಿಗೆ ಕಟ್ಟಿಕೊಂಡು ಕೂತೆ. ಕೊನೆಗೆ ಒಂದು ಕಾಯಿಲ್ ಎದ್ದಿತು. ರೇಷ್ಮೆ ನೂಲಿನ ಉಂಡೆಯಂತೆ ಒಂದೂ ಸುತ್ತು ತಪ್ಪದೆ ಮಲಗಿತ್ತು.

"ಈಗ ಮೇಣದಾಗ ಅದ್ದಬೇಕ್ರೀ," ಅಂದರು ಮಾಸ್ತರು. "ಮೊಬೈಲಿನಾಗ ನೋಡೀನಿ."

"ಮೇಣಾ? ಕಲಬುರಗಿ ಬಿಸಲಿಗೆ ಮೇಣ ನಿಲ್ತದೇನ್ರೀ? ಏಪ್ರಿಲ್‌ನಾಗ ನಿಮ್ಮ ಗಿಟಾರು ಸೋರ್ತದ," ಎಂದು ನಾನೂ ಯಜಮಾನರೂ ಕೂಡಿ ನಕ್ಕೆವು. ನಮ್ಮ ಕಸುಬಿನಲ್ಲಿ ಕಾಯಿಲ್ ಕಟ್ಟಿದ ಮೇಲೆ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಲೇಬೇಕು. ವಾರ್ನಿಷ್ ಕುಡಿಯದ ಕಾಯಿಲ್ ಕೂಡಲೇ ಸುಡುತ್ತದೆ. ಅದ್ದಿದೆ. ಬಲ್ಬು ಹಾಕಿದ ತಗಡಿನ ಡಬ್ಬಿಯಲ್ಲಿಟ್ಟು ಒಣಗಿಸಿದೆ.

ಮೀಟರ್ ಹಚ್ಚಿದರೆ ಮುಳ್ಳು ಅರ್ಧಕ್ಕೇ ನಿಂತಿತು. ವಾರ್ನಿಷ್‌ನಲ್ಲಿ ಕಲಸಿದ್ದ ಥಿನ್ನರು ಆ ತೆಳು ತಂತಿಯ ಮೇಲಿನ ಪದರನ್ನೇ ತಿಂದುಬಿಟ್ಟಿತ್ತು. ಒಳಗೆ ತಂತಿ ತಂತಿಗೆ ಅಂಟಿ ಶಾರ್ಟ್ ಆಗಿತ್ತು. ಸಾಲದ್ದಕ್ಕೆ ಬಲ್ಬಿನ ಕಾವಿಗೆ ಅಚ್ಚಿನ ಒಂದು ತುದಿ ಡೊಂಕಾಗಿತ್ತು. ಗಿಟಾರಿಗೆ ಹಾಕಿ ಮೀಟಿದರೆ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ ದನಿ.

ಮಾಸ್ತರು ಡೊಂಕಾದ ಅಚ್ಚನ್ನು ಅಂಗೈಯಲ್ಲಿಟ್ಟುಕೊಂಡು ಕೂತರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಕೊಡ್ರಿ ಇಲ್ಲಿ," ಅಂದೆ. ಎರಡು ಮರದ ಪಟ್ಟಿಯ ನಡುವೆ ಒತ್ತಿ ಮೇಜಿನ ಇಕ್ಕಳದಲ್ಲಿ ಬಿಗಿದಿಟ್ಟು, ನಿಧಾನ ನೆಟ್ಟಗೆ ಮಾಡಿದೆ. ಸಡಿಲಾದ ಗೂಟಕ್ಕೆ ಅಂಟು ಹಾಕಿದೆ. ಮತ್ತೆ ಸುತ್ತಿದೆ. ಈ ಸಲ ವಾರ್ನಿಷ್ ಮುಟ್ಟಲಿಲ್ಲ. ಅವರು ಹೇಳಿದ ಹಾಗೆ ಮೇಣದ ಬತ್ತಿಯ ಜೊತೆ ಒಂದಿಷ್ಟು ಜೇನುಮೇಣ ಕೂಡಿಸಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ, ಅದರಲ್ಲಿ ಅದ್ದಿದೆ. ಸಣ್ಣ ಗುಳ್ಳೆ ಬರುವುದು ನಿಂತ ಮೇಲೆ ತೆಗೆದೆ. ಮೀಟರ್ ಸರಿಯಾಗಿ ತೋರಿಸಿತು.

ಮಾಸ್ತರು ಬಾರಿಸಿದರು. ಗುಂಡಿ ತಿರುಗಿಸಿದರು. ಮತ್ತೆ ಬಾರಿಸಿದರು, ಮತ್ತೆ ಗುಂಡಿ ತಿರುಗಿಸಿದರು.

"ಚೊಲೊ ಅದ್ರೀ ಅವ್ವಾರ. ಭಾಳ ಚೊಲೊ ಅದ. ಆದ್ರ…"

"ಆದ್ರ ಏನು? ಬಾಯಿ ಬಿಡ್ರಿ. ನಾ ಏನು ನಿಮ್ಮ ಬೀಗರಾಕಿ ಅಲ್ಲ, ಮರ್ಯಾದಿ ಕಾಯಾಕ."

"ಇದ್ರಾಗ ಗಾಳಿ ಆಡವಲ್ದು."

ಬ್ಯಾಂಕಿನವರ ಸಾಮಾನು ಆಗಲೇ ಲಾರಿಗೆ ಹೋಗಿತ್ತಂತೆ. ಉಳಿದದ್ದು ಒಂದು ವಾರ. ನನ್ನ ರೀಲಿನಲ್ಲಿ ಉಳಿದದ್ದು ಒಂದು ಕಾಯಿಲಿಗೆ ಸಾಲುವಷ್ಟು ತಂತಿ, ಅದೂ ಹರಿಯದಿದ್ದರೆ. ಮಾಸ್ತರು ಬಸ್ಸಿಗೆ ಹೋದ ಮೇಲೆ ನಾನು ಸುಮ್ಮನೆ ಕೂತು ಆ ಮಾತನ್ನೇ ತಿರುವಿದೆ. ಗಾಳಿ ಎಲ್ಲಿ ಆಡಬೇಕು? ಕಾಯಿಲಿನಲ್ಲಿ ಜಾಗ ಇದ್ದಲ್ಲಿ. ನನ್ನದರಲ್ಲಿ ಜಾಗವೇ ಇರಲಿಲ್ಲ, ಇಟ್ಟಿಗೆ ಗೋಡೆಯಂತೆ ಕಟ್ಟಿದ್ದೆ. ಡಬ್ಬಿಯಲ್ಲಿಟ್ಟಿದ್ದ ಹಳೆಯ ತಂತಿಯ ಗೊಂಚಲು ತೆಗೆದು ನೋಡಿದೆ. ಕುಡುಕ ಸುತ್ತಿದ್ದು ಎಂದು ಬೈದದ್ದು ಇದಕ್ಕೇ. ತಂತಿ ತಂತಿಯನ್ನು ದಾಟಿ ದಾಟಿ ಹೋಗಿತ್ತು, ದಾಟಿದಲ್ಲೆಲ್ಲ ಸಣ್ಣ ಸಂದು. ಅವರ ದನಿ ಆ ಸಂದಿನಲ್ಲಿತ್ತು. ಬರಾಬರ್ ಹರಿಯಬೇಕು ಅಂದಿದ್ದರಲ್ಲ, ಹಾಗೆ ಇದು ಬರಾಬರ್ ಕೆಡಬೇಕು.

ಮರುದಿನ ಮಾಸ್ತರು ಬಂದಾಗ ವಿಷಯ ಹೇಳಿ, ಮನೆಯಲ್ಲಿದ್ದ ಹೊಲಿಗೆ ದಾರ ಹಾಕಿ ಅಭ್ಯಾಸಕ್ಕೆ ಕೂತೆ. ಬೇಕೆಂದೇ ಅಡ್ಡಾದಿಡ್ಡಿ ಬಿಡುವುದು. ಬರಲಿಲ್ಲ! ನಾಲ್ಕು ಸುತ್ತು ಕೆಡಿಸಿದರೆ ಐದನೆಯದಕ್ಕೆ ಬೆರಳು ತಾನಾಗಿ ಸಾಲಿಗೆ ಬರುತ್ತಿತ್ತು. ಕಣ್ಣು ಮುಚ್ಚಿ ಮಾಡಿದೆ, ಇನ್ನೂ ನೀಟಾಯಿತು. ಎಡಗೈಯಲ್ಲಿ ಮಾಡಿದೆ, ದಾರ ಗಂಟು ಬಿತ್ತು. ಮಾಸ್ತರು ತಾವು ಹಿಡಿದು ನೋಡಿದರು. ಬಾರಿಸಿ ಬಾರಿಸಿ ಅವರ ಬೆರಳಿಗೂ ಲೆಕ್ಕ ಹತ್ತಿತ್ತು, ತಾಳದಲ್ಲಿ ಅತ್ತ ಇತ್ತ ಹೋಗಿ ಬಟ್ಟೆ ನೇಯ್ದ ಹಾಗೆ ಮಾಡಿಟ್ಟರು.

ಹೊರಸಿನಿಂದ ಯಜಮಾನರು ನಕ್ಕರು. "ಏ ಕೇಳಿಲ್ಲೆ, ನಿನ್ನ ಕೈಗೆ ಖರಾಬ್ ಕೆಲಸ ಬರೂದಿಲ್ಲ. ನಾ ಕಲಿಸಿದ್ದು ಅದು."

ಅವರ ಕೈಯಲ್ಲಿ ಅರ್ಧ ಕಪ್ಪು ಚಹಾ ಇತ್ತು. ಕಪ್ಪು ಕೆಳಗಿನ ಬಸಿಗೆ ತಾಗಿ ಟಕಟಕ ಅನ್ನುತ್ತಿತ್ತು. ಆ ಸದ್ದು ಒಂದು ಸಲ ಬೇಗ, ಒಂದು ಸಲ ತಡ, ಯಾವ ಲೆಕ್ಕಕ್ಕೂ ಸಿಗುವಂಥದ್ದಲ್ಲ. ನಾನು ದಾರ ಕೆಳಗಿಟ್ಟೆ.

"ನಿಮ್ಮ ಕೈಗೆ ಬರ್ತದ," ಅಂದೆ. "ಬರ್ರಿ ಇಲ್ಲಿ."

ಅವರ ನಗು ನಿಂತಿತು. "ನನಗ ಚಾಷ್ಟಿ ಮಾಡ್ತೀಯೇನ? ಮಂದಿ ಮುಂದ?"

"ಚಾಷ್ಟಿ ಮಾಡಾಕ ಟೈಮ್ ಎಲ್ಲದ? ಒಂದು ವಾರ ಉಳದದ."

"ಇದ್ದ ಒಂದು ಅಚ್ಚು ಅವರದು. ಮತ್ತ ತಂತಿ ಹರದ್ರ?"

"ಹರದ್ರ ಹರೀತದ. ನಾ ಹರದಿಲ್ಲೇನು?"

ಮಾಸ್ತರು ಹೊರಸಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. "ಕಾಕಾ, ಖರೇ ಹೇಳ್ತೀನಿ. ನನಗ ಬೇಕಾದ್ದು ನಿಮ್ಮ ಕೈಯಾಗ ಅದ. ಅವ್ವಾರ ಕೈಯಾಗಿಲ್ಲ, ನನ್ನ ಕೈಯಾಗಿಲ್ಲ."

ಯಜಮಾನರು ಕಪ್ಪು ಕೆಳಗಿಟ್ಟು ತಮ್ಮ ಕೈ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ತಂತಿ ಎಷ್ಟು ಬಿಗಿ ಹಿಡೀಬೇಕು?" ಎಂದು ಕೇಳಿದರು.

ಬಿಗಿಯ ಕೆಲಸ ಅವರಿಗೆ ಕೊಡುವಂತಿರಲಿಲ್ಲ. ಬೆರಳು ಜಗ್ಗಿದರೆ ತಂತಿ ಉಳಿಯುವುದಿಲ್ಲ. ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪಿನ ಎರಡೂ ಬಾಯಿಗೆ ಹಳೆಯ ಕಂಬಳಿಯ ತುಂಡು ಅಂಟಿಸಿದೆ. ತಂತಿ ಆ ಕಂಬಳಿಯ ನಡುವೆ ಜಾರಿ ಬರಬೇಕು. ಬಿಗಿಯನ್ನು ಕಂಬಳಿ ನೋಡಿಕೊಳ್ಳುತ್ತದೆ, ಯಜಮಾನರು ಕ್ಲಿಪ್ಪು ಹಿಡಿದು ಅಚ್ಚಿನ ಈ ತುದಿಯಿಂದ ಆ ತುದಿಗೆ ಒಯ್ದು ತರಬೇಕು, ಅಷ್ಟೇ. ದಾರದಲ್ಲಿ ನೋಡಿದೆವು. ನಡುಗುವ ಕೈ ದಾರವನ್ನು ಎಲ್ಲೆಲ್ಲೋ ಹಾಯಿಸಿತು. ಹಳೆಯ ಕಾಯಿಲಿನ ಹಾಗೆಯೇ.

ನಿಜವಾದ ತಂತಿ ಹಾಕಿದೆವು. ನಾನು ಕಾಲಿನಿಂದ ಯಂತ್ರವನ್ನು ಸಣ್ಣಗೆ ಒತ್ತಿದೆ, ಅವರು ಕ್ಲಿಪ್ಪು ಹಿಡಿದರು, ಮಾಸ್ತರು ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಹೊರಗೇ ತಡೆದರು. ಅರ್ಧಕ್ಕೆ ಬಂದಾಗ ಯಜಮಾನರು ಹಳೆಯ ಚಾಳಿಗೆ ಬಿದ್ದು ಎಡಗೈಯಿಂದ ಬಲಗೈ ಒತ್ತಿ ಹಿಡಿದು ಸಾಲು ಸರಿಮಾಡಲು ಹೋದರು.

"ಬಿಡ್ರಿ ಆ ಕೈ! ಕೆಡ್ತದ ಅದು!"

"ಕೆಡಸೂದೇ ಅಲ್ಲ ನೀ ಹೇಳಿದ್ದು?"

"ನೀಟ್ ಮಾಡಿ ಕೆಡಸ್ಬ್ಯಾಡ್ರಿ."

ಬಾಗಿಲಲ್ಲಿ ಮಾಸ್ತರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ತಂತಿ ಹರಿಯಲಿಲ್ಲ. ರೀಲಿನಲ್ಲಿ ಮೊಳದಷ್ಟು ಉಳಿದಿತ್ತು. ನೋಡಲು ಬಲು ಹೊಲಸು ಕಾಯಿಲ್. ಬೇರೆ ಯಾರಾದರೂ ಸುತ್ತಿ ತಂದಿದ್ದರೆ ಮುಖಕ್ಕೆ ಎಸೆಯುತ್ತಿದ್ದೆ.

ಮೇಣ ಆರಿದ ಮೇಲೆ ಮಾಸ್ತರು ಹಾಕಿ ಬಾರಿಸಿದರು. ಮೊದಲು ಗುಂಯ್ ಎಂಬ ಸದ್ದು ಬಂತು, ಪಕ್ಕದ ಅಂಗಡಿಯವನ ಗ್ರೈಂಡರಿನ ಸದ್ದು ಇದಕ್ಕೆ ಹತ್ತುತ್ತಿತ್ತು, ಹೋಗಿ ಅದನ್ನು ಆರಿಸಿ ಬಂದೆ. ನನಗೆ ಸಂಗೀತ ತಿಳಿಯುವುದಿಲ್ಲ, ಅವರ ಹಾಡು ನನಗೆ ಇವತ್ತಿಗೂ ಬಸ್ಸು ಗೇರು ಬದಲಿಸಿದ ಹಾಗೇ ಕೇಳುತ್ತದೆ. ನಾನು ನೋಡಿದ್ದು ಅವರ ಬಲಗೈ. ಪ್ರತಿಸಲ ಎರಡು ಸ್ವರ ಬಾರಿಸಿ ಗುಂಡಿಗೆ ಹೋಗುತ್ತಿದ್ದ ಕೈ ಈ ಸಲ ಹೋಗಲೇ ಇಲ್ಲ. ಒಂದು ಸ್ವರ ಎಳೆದರು. ಅದು ಮೇಲೆ ಏರಿ, ಅಲ್ಲೇ ನಡುಗುತ್ತಾ ನಿಂತಿತು. ಹೊರಗೆ ಕಲಬುರಗಿ ಬಸ್ಸು ಬಂದು ಹೋಯಿತು. ಅವರು ಹತ್ತಬೇಕಾದ ಬಸ್ಸು ಅದು.

ರೆಕಾರ್ಡಿಂಗಿಗೆ ನೀವಿಬ್ಬರೂ ಬರಲೇಬೇಕು ಎಂದು ಹಟ ಹಿಡಿದರು. ಕೋಟನೂರಿನ ಒಂದು ಮನೆಯ ಮೇಲಿನ ಖೋಲಿ. ಗೋಡೆಗೆಲ್ಲ ಗಾದಿ, ಕೌದಿ ಬಡಿದಿದ್ದರು. ಸದ್ದಾಗುತ್ತದೆ ಎಂದು ಫ್ಯಾನೂ ಇಲ್ಲ. ಬ್ಯಾಂಕಿನವರು ಬನಿಯನ್ನಿನಲ್ಲಿ ಡ್ರಮ್ಮಿಗೆ ಕೂತಿದ್ದರು. ಯಜಮಾನರು ತಮ್ಮ ಕೈ ಕುರ್ಚಿಗೆ ಬಡಿದೀತೆಂದು ಅದನ್ನು ತೊಡೆಯ ಕೆಳಗೆ ಒತ್ತಿಕೊಂಡರು. ಸಂಜೆಯೊಳಗೆ ಮೂರೂ ಹಾಡಿನ ಕೆಲಸ ಮುಗಿಯಿತು.

ಆಮೇಲೆ ರೆಕಾರ್ಡಿಂಗಿನವನು, "ಮಾಸ್ತರ, ಆ ಕಡೆ ಮುಖ ಮಾಡ್ರಿ," ಎಂದು ಎರಡು ತುಂಡು ಕೇಳಿಸಿದ. ಒಂದು ಹಳೆಯ ಹಾಡಿನದು, ಒಂದು ಇವತ್ತಿನದು. "ಹಳೇದ್ಯಾವುದು?"

"ಮೊದಲನೇದು," ಅಂದರು ಮಾಸ್ತರು, ತಡಮಾಡದೆ.

"ಅದು ಇವತ್ತಿಂದು."

ಎಲ್ಲರೂ ಹೋ ಎಂದು ನಕ್ಕರು. ಬ್ಯಾಂಕಿನವರು ಡ್ರಮ್ಮಿಗೆ ಒಂದು ಏಟು ಕೊಟ್ಟರು. ಮಾಸ್ತರು ಮಾತ್ರ ಈ ಕಡೆ ತಿರುಗಲಿಲ್ಲ, ಕೌದಿಯ ಗೋಡೆಗೆ ಮುಖ ಮಾಡಿಯೇ ಒಂದಿಷ್ಟು ಹೊತ್ತು ನಿಂತರು. ತಿರುಗಿದಾಗ ಯಜಮಾನರ ಹತ್ತಿರ ಬಂದು, "ಕಾಕಾ, ಉಳಿದ ಎರಡು ಪಿಕಪ್ಪೂ ಯಾವಾಗರೆ ಸಾಯ್ತಾವ. ಆವಾಗೂ ನಿಮ್ಮ ಹತ್ರನೇ ಬರ್ತೀನಿ," ಅಂದರು.

"ಲಗೂನ ಸಾಯಸ್ರಿ," ಅಂದರು ಯಜಮಾನರು. "ಡಾಕ್ಟರ್ ಗುಳಿಗಿ ಬದಲ್ ಮಾಡ್ಯಾನ. ಕೈ ನಡುಗೂದು ನಿಂತುಗಿಂತೀತು."

ಬಸ್ಸಿನಲ್ಲಿ ಕಮಲಾಪುರ ಬರುವವರೆಗೆ ಅವರು ಕೈಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು, ಮುಚ್ಚಿಕೊಳ್ಳಲಿಲ್ಲ. ಬಾಳೆ ತೋಟದವನ ಪಂಪು ಎರಡು ದಿನದಿಂದ ಬಿಚ್ಚಿ ಬಿದ್ದಿತ್ತು, ನನ್ನ ತಲೆಯಲ್ಲಿ ಅದು ಕೂತಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆದು, ಕಸ ಹೊಡೆದು, ಸುತ್ತುವ ಯಂತ್ರದಿಂದ ಆ ಹೊಲಿಗೆ ಮೋಟಾರು ಬಿಚ್ಚಿದೆ. ಮಾಳಿಗೆ ಮೇಲೆ ಎಸೆದಿದ್ದ ಹಳೆಯ ಹಿಡಿಕೆ ಹುಡುಕಿ, ತುಕ್ಕು ತಿಕ್ಕಿ, ಎಣ್ಣೆ ಬಿಟ್ಟು ಕೂಡಿಸಿದೆ. ಹೊರಸನ್ನು ಎಳೆದು ಯಂತ್ರದ ಪಕ್ಕಕ್ಕೆ ತಂದೆ. ಯಜಮಾನರು ಬಂದು ನೋಡಿ, ಹೊರಸಿನ ಮೇಲೆ ಕೂತು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದರು. ನಾನು ಪಂಪಿನ ದಪ್ಪ ತಂತಿ ಎಳೆದುಕೊಂಡೆ.

"ಸಾವಕಾಶ ತಿರಗಸ್ರಿ," ಅಂದೆ. "ಇದು ಗಿಟಾರಲ್ಲ."

"ತಂತಿ ದಾಟಸಬ್ಯಾಡ ನೀ," ಅಂದರು ಅವರು.